ಬಟ್ಟೆಯ ಕಡತದಿಂದ ಕಂಪ್ಯೂಟರ್ ಕಡತಕ್ಕೆ: ಒಂದು ಹೆಸರು ನಡೆದ ದಾರಿ

ಗುಂಡ್ಲುಪೇಟೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನನ್ನ ಫುಪ್ಪುವಿಗೆ, ಅಂದರೆ ಸೋದರತ್ತೆಗೆ, ತವರಿನ ಪಾಲಾಗಿ ಬಂದ ಒಂದೂವರೆ ಎಕರೆ ಹೊಲವಿದೆ. ಒಂದು ವರ್ಷ ಅರಿಶಿನ, ಇನ್ನೊಂದು ವರ್ಷ ಈರುಳ್ಳಿ ಬೆಳೆಯುವ ಸಾಧಾರಣ ಜಮೀನು. ಅವರ ಹೆಸರನ್ನು ಇಲ್ಲಿ ಫಾತಿಮಾ ಬೀ ಎಂದಿಟ್ಟುಕೊಳ್ಳೋಣ. ಪಹಣಿಯಲ್ಲಿ ಅವರು ‘ಪಾತಿಮಾಬಿ’. ಪಡಿತರ ಚೀಟಿಯಲ್ಲಿ ‘ಫಾತೀಮ ಬಿ’. ಆಧಾರ್ ಚೀಟಿಯಲ್ಲಿ ‘ಫಾತಿಮಾ ಬೀ’. ಹಳೆಯ ಕೈಬರಹದ ಪುಸ್ತಕದಲ್ಲಿ ‘ಪಾತಮ್ಮ’. ಊರಿನವರಿಗೆ ಈ ನಾಲ್ವರೂ ಒಬ್ಬರೇ ಎಂಬುದರಲ್ಲಿ ಎಂದೂ ಸಂಶಯ ಬಂದದ್ದಿಲ್ಲ.

2024ರಲ್ಲಿ ರಾಜ್ಯದ ಪಹಣಿಗಳಿಗೆಲ್ಲ ಆಧಾರ್ ಸಂಖ್ಯೆಯನ್ನು ಜೋಡಿಸುವ ಕೆಲಸ ನಡೆಯಿತು. ಆ ಸಂದರ್ಭದಲ್ಲಿ ಫುಪ್ಪು ಕಾಗದಗಳ ಚೀಲ ಹಿಡಿದು ಕಚೇರಿಯೊಂದರ ಕಿಟಕಿಯ ಮುಂದೆ ನಿಂತಾಗ ಬಂದ ಉತ್ತರ ಇಷ್ಟೆ: ‘ಹೆಸರು ಹೊಂದಾಣಿಕೆ ಆಗ್ತಾ ಇಲ್ಲಮ್ಮ, ಕಂಪ್ಯೂಟರ್ ತಗೋತಾ ಇಲ್ಲ.’ ಅಲ್ಲಿದ್ದ ನೌಕರ ಒರಟಾಗಿ ಮಾತನಾಡಲಿಲ್ಲ. ಅವರ ಕೈಯಲ್ಲೂ ಏನೂ ಇರಲಿಲ್ಲ. ಮನೆಗೆ ಬಂದ ಫುಪ್ಪು ನನ್ನನ್ನು ಕೇಳಿದರು: ‘ನೀನು ಕಂಪ್ಯೂಟರಿನ ಕೆಲಸದವನಲ್ಲವಾ ಬೇಟಾ, ನನ್ನ ಹೆಸರು ಅದಕ್ಕೆ ಯಾಕೆ ಹಿಡಿಸಲ್ಲ?’

ನಾನು ತಂತ್ರಾಂಶ ಬರೆದು ಬದುಕುವವನು. ಕಂಪ್ಯೂಟರಿಗೆ ಹಿಡಿಸುವುದು, ಹಿಡಿಸದಿರುವುದು ಎಂಬುದಿಲ್ಲ ಎಂದು ನನಗೆ ಗೊತ್ತು. ಯಾವ ಹೆಸರನ್ನು ಒಪ್ಪಬೇಕು, ಯಾವುದನ್ನು ತಳ್ಳಬೇಕು ಎಂದು ಯಾರೋ ಎಲ್ಲೋ ಕುಳಿತು ಮೊದಲೇ ತೀರ್ಮಾನಿಸಿರುತ್ತಾರೆ; ಯಂತ್ರ ಅದನ್ನು ಪಾಲಿಸುತ್ತದೆ. ಆದರೆ ಆ ತೀರ್ಮಾನದ ಹಿಂದೆ ಒಂದು ದೀರ್ಘ ಚರಿತ್ರೆಯಿದೆ. ಅದು ಶುರುವಾಗುವುದು ನಮ್ಮ ತಾಲ್ಲೂಕಿನ ಸುತ್ತಮುತ್ತಲೇ ಎಂಬುದು ಹುಡುಕುತ್ತಾ ಹೋದಾಗ ನನಗೆ ತಿಳಿದ ಸಂಗತಿ.

ಹಂಗಳದ ರಾಜಕುಮಾರ ಮತ್ತು ಹದಿನೆಂಟು ಕಚೇರಿ

ಗುಂಡ್ಲುಪೇಟೆಯಿಂದ ಊಟಿ ರಸ್ತೆಯಲ್ಲಿ ಹೊರಟರೆ ಹಂಗಳ ಸಿಗುತ್ತದೆ. ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವವರು ಅಲ್ಲಿ ತಿರುಗುತ್ತಾರೆ. ಮೈಸೂರಿನ ಚಿಕ್ಕದೇವರಾಜ ಒಡೆಯರು ಪಟ್ಟಕ್ಕೆ ಬರುವ ಮುಂಚೆ ತಂದೆಯೊಂದಿಗೆ ಇದೇ ಹಂಗಳದಲ್ಲಿ ಹೆಚ್ಚುಕಡಿಮೆ ನಿರ್ಬಂಧದಲ್ಲಿ ವರ್ಷಗಳನ್ನು ಕಳೆದರು ಎಂದು ಮೈಸೂರಿನ ಚರಿತ್ರೆ ಹೇಳುತ್ತದೆ. ಮುಂದೆ ಅವರ ಮಂತ್ರಿಯಾದ ಯಳಂದೂರಿನ ಜೈನ ವಿದ್ವಾಂಸ ವಿಶಾಲಾಕ್ಷ ಪಂಡಿತನ ಸ್ನೇಹವೂ ಆ ದಿನಗಳದ್ದು. ತಂದೆಯ ನೆನಪಿಗಾಗಿ ಒಡೆಯರು ಗುಂಡ್ಲುಪೇಟೆಯಲ್ಲಿ ಕಟ್ಟಿಸಿದ ಪರವಾಸುದೇವ ದೇವಾಲಯ ಇಂದಿಗೂ ಇದೆ.

1673ರಿಂದ 1704ರವರೆಗೆ ಆಳಿದ ಈ ಚಿಕ್ಕದೇವರಾಜರು ಮೈಸೂರಿನ ಆಡಳಿತವನ್ನು ಹದಿನೆಂಟು ಇಲಾಖೆಗಳಾಗಿ ವಿಂಗಡಿಸಿದರು. ಔರಂಗಜೇಬನ ಬಳಿಗೆ ಅವರು ಕಳುಹಿಸಿದ್ದ ರಾಯಭಾರಿಗಳು ಮರಳಿದ ಮೇಲೆ, ಮೊಗಲರ ಪದ್ಧತಿಯನ್ನು ನೋಡಿ ಈ ವ್ಯವಸ್ಥೆ ಮಾಡಲಾಯಿತೆಂದು ಚರಿತ್ರೆಕಾರರು ಬರೆದಿದ್ದಾರೆ. ಅದರ ಹೆಸರೇ ಅಠಾರ ಕಚೇರಿ. ಅಠಾರ ಎಂದರೆ ಹಿಂದೂಸ್ತಾನಿಯಲ್ಲಿ ಹದಿನೆಂಟು. ಬೆಂಗಳೂರಿನ ಹೈಕೋರ್ಟ್ ಕಟ್ಟಡಕ್ಕೆ ಜನ ಇಂದಿಗೂ ಅಠಾರ ಕಚೇರಿ ಎನ್ನುವುದು ಆ ನೆನಪಿನಿಂದಲೇ. ಹೀಗೆ ಶ್ರೀವೈಷ್ಣವ ರಾಜನೊಬ್ಬ, ಜೈನ ಮಂತ್ರಿಯ ಒಡನಾಟದಲ್ಲಿ ಬೆಳೆದು, ದಿಲ್ಲಿಯ ಮುಸ್ಲಿಂ ದೊರೆಯ ಪದ್ಧತಿಯಿಂದ ತನಗೆ ಬೇಕಾದ್ದನ್ನು ತೆಗೆದುಕೊಂಡ. ಯಾರ ಧರ್ಮವೂ ಅದರಿಂದ ಕೆಡಲಿಲ್ಲ.

ಆ ಕಾಲದ ಲೆಕ್ಕಪತ್ರಗಳನ್ನು ಯಾವುದರ ಮೇಲೆ ಬರೆಯುತ್ತಿದ್ದರು? ಕಡತದ ಮೇಲೆ. ಕಡತವೆಂದರೆ ಆಗ ಈಗಿನಂತೆ ಕಾಗದಗಳ ಕಟ್ಟು ಅಲ್ಲ. ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಕಪ್ಪಾಗಿಸಿ, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿಟ್ಟ ಪುಸ್ತಕ ಅದು. ಅದರ ಮೇಲೆ ಬಳಪದ ಕಡ್ಡಿಯಿಂದ ಬಿಳಿಯ ಅಕ್ಷರ ಬರೆಯುತ್ತಿದ್ದರು. ಜೋಪಾನ ಮಾಡಿದರೆ ತಲೆಮಾರುಗಳ ಕಾಲ ಉಳಿಯುತ್ತಿತ್ತು. ತಪ್ಪಾದರೆ ಸ್ಲೇಟಿನಂತೆ ಒರೆಸಿ ಮತ್ತೆ ಬರೆಯಬಹುದಾಗಿತ್ತು. ಕಂಪ್ಯೂಟರ್ ಬಂದಾಗ ಕನ್ನಡಿಗರು ಅದರ ‘ಫೈಲ್’ಗೆ ಇದೇ ಕಡತ ಎಂಬ ಹೆಸರನ್ನು ಕೊಟ್ಟರು. ಹೆಸರೇನೋ ಉಳಿಯಿತು. ಒರೆಸಿ ಬರೆಯುವ ಆ ಸಲೀಸು ಮಾತ್ರ ಉಳಿಯಲಿಲ್ಲ.

ಎಲ್ಲರ ಪಹಣಿಯಲ್ಲೂ ಇರುವ ಬಿನ್

ಮೊಗಲರ ಪ್ರಭಾವದಿಂದ, ಆಮೇಲೆ ಹೈದರ್ ಮತ್ತು ಟಿಪ್ಪುವಿನ ಕಾಲದ ಪಾರಸಿ ಬಳಕೆಯಿಂದ ಕಂದಾಯದ ಕನ್ನಡಕ್ಕೆ ಬಂದ ಪದಗಳು ಒಂದೆರಡಲ್ಲ. ಜಿಲ್ಲೆ, ತಾಲ್ಲೂಕು, ತಹಶೀಲ್ದಾರ, ಅರ್ಜಿ, ದಾಖಲೆ, ದಫ್ತರ, ಜಮಾಬಂದಿ, ವಾರಸುದಾರ, ಖರಾಬು, ಇನಾಮು. ಈ ಪದಗಳಿಲ್ಲದೆ ಯಾವ ರೈತನೂ ತನ್ನ ಹೊಲದ ಕಥೆ ಹೇಳಲಾರ. ಇವುಗಳಿಗಿಂತ ಸ್ವಾರಸ್ಯವಾದದ್ದು ‘ಬಿನ್’. ಹಳೆ ಮೈಸೂರು ಭಾಗದ ಪಹಣಿಯಲ್ಲಿ ಸಿದ್ದಪ್ಪನ ಹೆಸರಿನ ಮುಂದೆ ಅವನ ತಂದೆ ಮಾದಪ್ಪನ ಹೆಸರು ಬರುವುದು ‘ಸಿದ್ದಪ್ಪ ಬಿನ್ ಮಾದಪ್ಪ’ ಎಂದೇ. ಮಗ ಎಂಬ ಅರ್ಥದ ಈ ಅರಬ್ಬಿ ಪದ ಲಿಂಗಾಯತರ, ಒಕ್ಕಲಿಗರ, ಉಪ್ಪಾರರ, ನಾಯಕರ, ದಲಿತರ ಪಹಣಿಯಲ್ಲೂ ಕುಳಿತಿದೆ. ಇದು ಯಾರದೋ ಹೇರಿಕೆ ಎಂದು ಯಾವ ರೈತನಿಗೂ ಅನಿಸಿಲ್ಲ. ಅದು ಎಲ್ಲಿಂದ ಬಂತೆಂದು ಕೇಳುವ ಅಗತ್ಯವೂ ಬಿದ್ದಿಲ್ಲ.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಅರ್ಜಿ, ಜಿಲ್ಲೆ ಎಂಬ ಪದಗಳ ಮೂಲದಲ್ಲಿರುವ ಧ್ವನಿ ಕನ್ನಡದ ಜ ಅಲ್ಲ. ದಫ್ತರದ ಮೂಲ ಧ್ವನಿ ಕನ್ನಡದ ಫ ಅಲ್ಲ. ನಮ್ಮ ಫ ಇರುವುದು ಫಲ, ಫಣಿಗಳಿಗಾಗಿ. ಶಾನುಭೋಗರು ಆ ವ್ಯತ್ಯಾಸದ ಗೊಡವೆಗೆ ಹೋಗದೆ ಹತ್ತಿರದ ಅಕ್ಷರದಲ್ಲಿ ಬರೆದರು, ಓದುವವರು ಅರ್ಥ ಮಾಡಿಕೊಂಡರು. ಆಡುಮಾತು ಇನ್ನೂ ಉದಾರಿ. ನಮ್ಮ ಕಡೆ ಫೋನು ‘ಪೋನು’, ಆಫೀಸು ‘ಆಪೀಸು’. ಫಾತಿಮಾ ‘ಪಾತಿಮಾ’ ಆದದ್ದು ಹೀಗೆಯೇ. ಅದರಲ್ಲಿ ಅವಮಾನವೇನೂ ಇರಲಿಲ್ಲ. ಬರೆದವನಿಗೆ ಆ ಹೆಂಗಸು ಯಾರು, ಯಾರ ಮಗಳು, ಹೊಲ ಯಾವ ಹಳ್ಳದ ಪಕ್ಕದಲ್ಲಿದೆ ಎಂಬುದೆಲ್ಲ ಗೊತ್ತಿತ್ತು.

ಶಾನುಭೋಗರ ಕಾಲವನ್ನು ಹೊಗಳಲು ನಾನು ಈ ಮಾತು ಬರೆಯುತ್ತಿಲ್ಲ. ವಂಶಪಾರಂಪರ್ಯವಾಗಿ ಒಂದೇ ಮನೆಯ ಕೈಯಲ್ಲಿದ್ದ ಲೆಕ್ಕದ ಪುಸ್ತಕದಿಂದ ಎಷ್ಟು ಬಡವರು ಭೂಮಿ ಕಳೆದುಕೊಂಡರೆಂಬುದು ಹಳ್ಳಿಯ ಹಿರಿಯರಿಗೆ ಗೊತ್ತು. 1961ರ ಕಾಯಿದೆ ಆ ಪದ್ಧತಿಯನ್ನು ರದ್ದು ಮಾಡಿ, ಸಂಬಳದ ಗ್ರಾಮಲೆಕ್ಕಿಗರಿಗೆ ದಾರಿ ಮಾಡಿತು. ಆದರೂ ಪುಸ್ತಕ ಅವರ ಮನೆಯಲ್ಲೇ ಇರುತ್ತಿತ್ತು. ಒಂದು ಪಹಣಿಗಾಗಿ ಎಷ್ಟು ಸಲ ಅಲೆಯಬೇಕು, ಎಷ್ಟು ಕೊಡಬೇಕು ಎಂಬುದು ಅವರ ಮರ್ಜಿಗೆ ಬಿಟ್ಟಿದ್ದು.

‘ಭೂಮಿ’ ಬಂದಾಗ

ಚಾಮರಾಜನಗರ 1997ರ ಆಗಸ್ಟ್‌ನಲ್ಲಿ ಮೈಸೂರಿನಿಂದ ಬೇರ್ಪಟ್ಟು ಜಿಲ್ಲೆಯಾಯಿತು. ಅದಾದ ಕೆಲವೇ ವರ್ಷಗಳಲ್ಲಿ, ಅಂದರೆ 2000ದ ಆಸುಪಾಸಿನಲ್ಲಿ, ಕರ್ನಾಟಕ ಸರ್ಕಾರ ‘ಭೂಮಿ’ ಯೋಜನೆಯನ್ನು ಕೈಗೆತ್ತಿಕೊಂಡಿತು. ಸುಮಾರು 9000 ಗ್ರಾಮಲೆಕ್ಕಿಗರ ಬಳಿ ಚದುರಿದ್ದ, ಸುಮಾರು 67 ಲಕ್ಷ ರೈತರಿಗೆ ಸೇರಿದ 2 ಕೋಟಿ ದಾಖಲೆಗಳನ್ನು 177 ತಾಲ್ಲೂಕು ಕೇಂದ್ರಗಳ ಕಂಪ್ಯೂಟರಿಗೆ ಏರಿಸಲಾಯಿತು. ಐ.ಎ.ಎಸ್. ಅಧಿಕಾರಿ ರಾಜೀವ್ ಚಾವ್ಲಾ ಇದರ ಹೊಣೆ ಹೊತ್ತಿದ್ದರು. ತಂತ್ರಾಂಶವನ್ನು ಬರೆದದ್ದು ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರ. ನೌಕರ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು, ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ಇತ್ಯರ್ಥವಾಗಬೇಕು ಎಂಬ ಕಟ್ಟುಪಾಡು ಮಾಡಿದರು. 15 ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ ಕೈಗೆ ಬರುತ್ತಿತ್ತು. ಅದು ಸಣ್ಣ ಸಾಧನೆಯಲ್ಲ. ಇಡೀ ದೇಶ ಅದನ್ನು ನೋಡಲು ಬಂತು. ದೊಡ್ಡ ಹಿಡುವಳಿಯ, ಬಲ್ಲವರಿಗೇ ಇದರಿಂದ ಹೆಚ್ಚು ಲಾಭವಾಯಿತು, ಭ್ರಷ್ಟಾಚಾರ ಹಳ್ಳಿಯಿಂದ ತಾಲ್ಲೂಕಿಗೆ ಸ್ಥಳ ಬದಲಿಸಿತು ಎಂದು ವಾದಿಸಿದ ಸಂಶೋಧಕರೂ ಇದ್ದಾರೆ. ಎರಡು ಮಾತಿನಲ್ಲೂ ಸತ್ಯವಿದೆ.

ನನ್ನ ಆಸಕ್ತಿ ಇರುವುದು ಆ 2 ಕೋಟಿ ದಾಖಲೆಗಳನ್ನು ಬೆರಳಿನಿಂದ ಒತ್ತಿದ ಆ ದಿನಗಳಲ್ಲಿ. ಕೈಬರಹದಲ್ಲಿ ಪ ಮತ್ತು ಫಗಳ ನಡುವೆ ಇರುವುದು ಕೆಳಗಿನ ಒಂದು ಪುಟ್ಟ ಸೀಳು ಮಾತ್ರ. ಮಸಿ ಹರಡಿದರೆ ಅದೂ ಇಲ್ಲ. ನಮಗೆ ಪರಿಚಿತವಾದ ಕನ್ನಡ ಕೀಲಿಮಣೆಯ ಮೂಲ ವಿನ್ಯಾಸ ಕಿನ್ನಿಕಂಬಳದ ಕೆ.ಪಿ. ರಾವ್ ಅವರದು. ಕನ್ನಡ ವರ್ಣಮಾಲೆಯ ತರ್ಕವನ್ನು ಅರಿತು ಇಂಗ್ಲಿಷಿನ 26 ಕೀಲಿಗಳಲ್ಲೇ ಎಲ್ಲವನ್ನೂ ಹೊಂದಿಸಿದ ಜಾಣ್ಮೆ ಅದು. ಅದರಲ್ಲಿ ಎಫ್ ಒತ್ತಿದರೆ ಫ ಬರುವುದಿಲ್ಲ, ಅಕ್ಷರಗಳನ್ನು ಕೂಡಿಸುವ ವಿರಾಮ ಚಿಹ್ನೆ ಬರುತ್ತದೆ. ಪಿ ಒತ್ತಿದರೆ ಪ, ಶಿಫ್ಟ್ ಹಿಡಿದು ಪಿ ಒತ್ತಿದರೆ ಫ. ಅಂದರೆ ಇಂಥ ಕೀಲಿಮಣೆಯಲ್ಲಿ ಫಾತಿಮಾಳಿಗೂ ಪಾತಿಮಾಳಿಗೂ ನಡುವೆ ಇರುವುದು ಒಂದು ಶಿಫ್ಟ್ ಕೀಲಿ. ದಿನಕ್ಕೆ ನೂರಾರು ದಾಖಲೆ ಒತ್ತುತ್ತಿದ್ದ ಹುಡುಗನೊಬ್ಬನ ಕಿರುಬೆರಳು ಒಂದು ಸಂಜೆ ದಣಿದದ್ದಕ್ಕೆ ನನ್ನ ಫುಪ್ಪು ಈಗ ಅಲೆಯುತ್ತಿದ್ದಾರೆಯೇ? ಇರಬಹುದು. ಆ ಹುಡುಗನನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ.

ಆ ಹೊತ್ತಿಗೆ ಕನ್ನಡವನ್ನು ಕಂಪ್ಯೂಟರಿನಲ್ಲಿ ಕಾಣುವುದೇ ಒಂದು ಸಂಭ್ರಮ. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯನ್ನು ಸರ್ಕಾರ ತನ್ನ ಕಚೇರಿಗಳಿಗೆ ಒಪ್ಪಿಕೊಂಡಿತು. ಇವೆರಡೂ ಜನರಿಗೆ ಉಚಿತವಾಗಿ ಸಿಕ್ಕಿದ್ದರಿಂದಲೇ ಚಾಮರಾಜನಗರದ ಜೆರಾಕ್ಸ್ ಅಂಗಡಿಯಲ್ಲೂ ಕನ್ನಡ ಮುದ್ರಣವಾಗತೊಡಗಿತು. ಆದರೆ ಆಗಿನ ವಿಧಾನದಲ್ಲಿ ಒಂದು ತೊಡಕಿತ್ತು. ಕಂಪ್ಯೂಟರ್ ಉಳಿಸಿಕೊಳ್ಳುತ್ತಿದ್ದದ್ದು ಅಕ್ಷರವನ್ನಲ್ಲ, ಅಕ್ಷರದ ತುಂಡುಗಳ ಚಿತ್ರದ ಸಂಖ್ಯೆಯನ್ನು. ಒಂದು ಅಕ್ಷರಶೈಲಿಯಲ್ಲಿ ಬರೆದದ್ದು ಇನ್ನೊಂದರಲ್ಲಿ ತೆರೆದರೆ ಅರ್ಥವಿಲ್ಲದ ಗೀಚುಗಳ ಸಾಲು. ಒಂದು ಕಚೇರಿಯ ಫಾತಿಮಾ ಇನ್ನೊಂದು ಕಚೇರಿಯ ಕಂಪ್ಯೂಟರಿಗೆ ಹೋದರೆ ಮನುಷ್ಯಳಾಗಿಯೇ ಉಳಿಯುತ್ತಿರಲಿಲ್ಲ.

ಫ ಎಂಬ ಹೆಸರಿನ ಇನ್ನೊಂದು ಅಕ್ಷರ

ಜಗತ್ತಿನ ಎಲ್ಲ ಲಿಪಿಗಳ ಪ್ರತಿ ಅಕ್ಷರಕ್ಕೂ ಒಂದೊಂದು ಶಾಶ್ವತ ಸಂಖ್ಯೆ ಕೊಡುವ ಯುನಿಕೋಡ್ ಎಂಬ ಶಿಷ್ಟತೆ 1991ರಲ್ಲಿ ಬಂತು. ಅದರಲ್ಲಿ ಕನ್ನಡಕ್ಕೆ 128 ಕೋಣೆಗಳ ಒಂದು ಮನೆಯಿದೆ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಅಕ್ಷರಶೈಲಿ ಬಂದ ಮೇಲೆ ಸಾಮಾನ್ಯರೂ ಅದನ್ನು ಬಳಸುವಂತಾಯಿತು. 2012ರಲ್ಲಿ ಕರ್ನಾಟಕ ಸರ್ಕಾರವೂ ಯುನಿಕೋಡನ್ನು ಒಪ್ಪಿ ಆದೇಶ ಹೊರಡಿಸಿತು. ಇಂದು ಮೊಬೈಲಿನಲ್ಲಿ ಕನ್ನಡದ ಸಂದೇಶ ಒಬ್ಬರಿಂದೊಬ್ಬರಿಗೆ ಕೆಡದೆ ತಲುಪುವುದು ಇದರಿಂದಲೇ.

ಈ ಮನೆಯ ಒಂದು ಕೋಣೆಯ ಬಾಗಿಲಲ್ಲಿ ವಿಚಿತ್ರವಾದ ಫಲಕವಿದೆ. ಫಲಕದ ಮೇಲೆ ‘ಕನ್ನಡ ಅಕ್ಷರ ಫ’ ಎಂಬ ಅರ್ಥದ ಇಂಗ್ಲಿಷ್ ಹೆಸರಿದೆ. ಫಾತಿಮಾಳ ಹೆಸರಿನಲ್ಲಿ ಬರುವ ಧ್ವನಿ ಅದು. ಆದರೆ ಒಳಗೆ ಕುಳಿತಿರುವುದು ೞ! ಹಳಗನ್ನಡದಲ್ಲಿದ್ದು ಶತಮಾನಗಳ ಹಿಂದೆಯೇ ಬಳಕೆ ತಪ್ಪಿದ, ತಮಿಳಿನಲ್ಲಿ ಇಂದಿಗೂ ಜೀವಂತವಾಗಿರುವ ಧ್ವನಿಯ ಅಕ್ಷರ. ಪಟ್ಟಿ ಮಾಡಿದವರು ಮಾಡಿದ ತಪ್ಪು. ಒಂದು ಕಡೆ ಪಂಪನ ಕಾಲದ ಅಕ್ಷರಕ್ಕೆ ತನ್ನ ಹೆಸರಿಲ್ಲ, ಇನ್ನೊಂದು ಕಡೆ ನಮ್ಮ ಫಾತಿಮಾರ ಧ್ವನಿಗೆ ಹೆಸರಿದೆ, ಅಕ್ಷರವಿಲ್ಲ. ಆ ಧ್ವನಿಯನ್ನು ಬರೆಯಲು ಬೇಕಾದ ಕೆಳಚುಕ್ಕಿ, ಅಂದರೆ ನುಕ್ತಾ, ಕನ್ನಡದ ಮನೆಗೆ ಸೇರಿದ್ದು 2003ರಲ್ಲಿ. ಈಗ ಫ಼, ಜ಼ ಎಂದು ಬರೆಯಬಹುದು.

ತಪ್ಪು ಗೊತ್ತಾದ ಮೇಲೆ ಯುನಿಕೋಡಿನವರು ಏನು ಮಾಡಿದರು ಎಂಬುದು ಮುಖ್ಯ. ಒಮ್ಮೆ ಕೊಟ್ಟ ಹೆಸರನ್ನು ಎಂದೂ ಬದಲಿಸಬಾರದೆಂಬುದು ಅವರ ಕಟ್ಟುನಿಟ್ಟಿನ ನಿಯಮ. ಬದಲಿಸಿದರೆ ಆ ಹೆಸರನ್ನು ನಂಬಿದ ತಂತ್ರಾಂಶಗಳು ಕೆಡುತ್ತವೆ. ಆದ್ದರಿಂದ ಹಳೆಯ ಫಲಕವನ್ನು ಹಾಗೇ ಬಿಟ್ಟು, ಅದರ ಪಕ್ಕದಲ್ಲಿ ‘ಸರಿಯಾದ ಹೆಸರು ಇದು’ ಎಂಬ ಇನ್ನೊಂದು ಅಧಿಕೃತ ಫಲಕ ಹಾಕಿದರು. ಎರಡೂ ಮಾನ್ಯ, ಎರಡೂ ಒಂದೇ ಅಕ್ಷರ. ಬಳಕೆ ತಪ್ಪಿದ ಒಂದು ಅಕ್ಷರಕ್ಕೆ ಸಿಕ್ಕ ಈ ನ್ಯಾಯ ಬದುಕಿರುವ ಹೆಂಗಸೊಬ್ಬಳಿಗೆ ಏಕೆ ಸಿಗಬಾರದು?

ರಾಜ್‌ಕುಮಾರರಿಗೂ ಇದೇ ತೊಂದರೆ

ಇದು ಮುಸ್ಲಿಮರಿಗೆ ಮಾತ್ರ ಸಂಬಂಧಿಸಿದ ವಿಷಯ ಎಂದು ಯಾರೂ ತಿಳಿಯಬಾರದು. ಚಾಮರಾಜನಗರದ ಗಡಿಗೆ ಹತ್ತಿರದ ಗಾಜನೂರಿನ ಮುತ್ತುರಾಜು ಚಿತ್ರರಂಗಕ್ಕೆ ಬಂದು ರಾಜ್‌ಕುಮಾರ್ ಆದರು. ಗಾಜನೂರು ಈಗ ತಮಿಳುನಾಡಿನಲ್ಲಿದೆ, ಮಾತು ಕನ್ನಡ. ಆ ಹೆಸರನ್ನು ಕಂಪ್ಯೂಟರಿನಲ್ಲಿ ಸರಾಗವಾಗಿ ಒತ್ತಿದರೆ ‘ರಾಜ್ಕುಮಾರ್’ ಆಗುತ್ತದೆ. ಜಕಾರದ ಕೆಳಗೆ ಕಕಾರ ಒತ್ತಕ್ಷರವಾಗಿ ಇಳಿಯುತ್ತದೆ. ಹಾಗಾಗದಂತೆ ತಡೆಯಲು ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆಯನ್ನು ಸೇರಿಸಬೇಕು. ನೂರ್‌ಜಹಾನ್, ಅಬ್ದುಲ್‌ರಹಮಾನ್ ಎಂಬ ಹೆಸರುಗಳದ್ದೂ ಇದೇ ಪಾಡು. ಚಿಹ್ನೆ ಇಲ್ಲದಿದ್ದರೆ ನೂರ್ಜಹಾನ್.

ಕಾಗದದಲ್ಲಿ ಕಾಣದ ಈ ಚಿಹ್ನೆ ಕಂಪ್ಯೂಟರಿನ ಲೆಕ್ಕದಲ್ಲಿ ಪೂರ್ತಿ ಒಂದು ಅಕ್ಷರ. ಆದ್ದರಿಂದ ಒಂದು ದಾಖಲೆಯಲ್ಲಿ ಚಿಹ್ನೆ ಸೇರಿಸಿ, ಇನ್ನೊಂದರಲ್ಲಿ ಬರಿಯ ಜಾಗ ಬಿಟ್ಟು ಬರೆದಿದ್ದರೆ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದ ಮನುಷ್ಯ ‘ಒಂದೇ ಇದೆಯಲ್ಲ’ ಎನ್ನುತ್ತಾನೆ. ಸರಿಯಾಗಿ ಸೂಚನೆ ಕೊಡದ ಯಂತ್ರ ‘ಬೇರೆ’ ಎನ್ನುತ್ತದೆ. ಜನ ಯಾವ ತಪ್ಪನ್ನೂ ಮಾಡದೆ ತಪ್ಪಿತಸ್ಥರಾಗುವುದು ಹೀಗೆ.

2010ರ ನಂತರ ಆಧಾರ್ ಬಂದಾಗ ಇನ್ನೊಂದು ಪದರ ಸೇರಿತು. ಅಲ್ಲಿ ಹೆಸರನ್ನು ಇಂಗ್ಲಿಷಿನಲ್ಲಿ ಒತ್ತಿದರೆ ಕನ್ನಡ ರೂಪವನ್ನು ಯಂತ್ರವೇ ಊಹಿಸಿ ತೋರಿಸುತ್ತದೆ. ಪರದೆ ನೋಡಿ ಸರಿಯಿದೆಯೇ ಎಂದು ಹೇಳುವ ಅವಕಾಶ ನಮಗಿದೆ. ಆದರೆ ಹೊರಗೆ ಸರದಿಯಲ್ಲಿ ಜನ ನಿಂತಿರುವಾಗ, ಓದು ಬರದ ಮುದುಕಿ ಪರದೆಯಲ್ಲಿ ದೀರ್ಘ ಯಾವುದು, ಹ್ರಸ್ವ ಯಾವುದು ಎಂದು ನೋಡಿ ಹೇಳುವಳೇ? ಇಂಗ್ಲಿಷಿನಲ್ಲಿ ಲ, ಳ ಒಂದೇ, ನ, ಣ ಒಂದೇ. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹೆಸರುಗಳೂ, ಊರೂರಿನ ಮಹದೇವಮ್ಮ, ಮಾದೇವಮ್ಮಂದಿರೂ ಈ ಜರಡಿಯಲ್ಲಿ ಹಾದು ರೂಪ ಬದಲಿಸಿಕೊಂಡಿದ್ದಾರೆ.

ಏನು ಮಾಡಬಹುದು?

ನನ್ನ ವೃತ್ತಿಯ ಅನುಭವದಿಂದ ನಾಲ್ಕು ಮಾತು ಹೇಳುತ್ತೇನೆ. ಮೊದಲನೆಯದು, ಎರಡು ಹೆಸರುಗಳನ್ನು ಹೋಲಿಸುವ ಮುಂಚೆ ಕಾಣದ ಚಿಹ್ನೆಗಳನ್ನೂ ಕೆಳಚುಕ್ಕಿಯನ್ನೂ ಪಕ್ಕಕ್ಕಿಟ್ಟು, ಪ–ಫ, ಹ್ರಸ್ವ–ದೀರ್ಘಗಳನ್ನು ಸಮೀಪದವೆಂದು ಎಣಿಸುವಂತೆ ತಂತ್ರಾಂಶಕ್ಕೆ ಕಲಿಸಬಹುದು. ಇದು ಕಷ್ಟದ ಕೆಲಸವಲ್ಲ, ಮನಸ್ಸು ಬೇಕು ಅಷ್ಟೆ. ಎರಡನೆಯದು, ಹೊಂದದ ಹೆಸರು ಬಂದಾಗ ಯಂತ್ರ ‘ಇಲ್ಲ’ ಎನ್ನದೆ ‘ಮನುಷ್ಯರು ನೋಡಲಿ’ ಎನ್ನಬೇಕು. ಹೊಲದ ಗುರುತು, ತಂದೆಯ ಹೆಸರು, ಅನುಭವ, ನೆರೆಹೊರೆಯ ಸಾಕ್ಷಿ ಇವೆಲ್ಲ ಒಂದು ಅಕ್ಷರಕ್ಕಿಂತ ತೂಕದ ಪುರಾವೆಗಳು. ಬೇರೆ ಇಬ್ಬರನ್ನು ಒಬ್ಬರೆಂದು ಎಣಿಸಿ ಯಾರದೋ ಭೂಮಿ ಕೈತಪ್ಪದಂತೆಯೂ ಇದೇ ಎಚ್ಚರ ಕಾಯುತ್ತದೆ. ಮೂರನೆಯದು, ಹಳೆಯ ಹೆಸರನ್ನು ಅಳಿಸುವುದು ಬೇಡ. ಪಕ್ಕದಲ್ಲಿ ಸರಿಯಾದ ಹೆಸರನ್ನೂ ದಾಖಲಿಸಿ ಎರಡನ್ನೂ ಮಾನ್ಯ ಮಾಡಲಿ. ನಾಲ್ಕನೆಯದು ನಮಗೇ ಹೇಳಿಕೊಳ್ಳಬೇಕಾದದ್ದು. ಒಂದೇ ಮನೆಯಲ್ಲಿ ಅಣ್ಣ ‘ಮೊಹಮ್ಮದ್’, ತಮ್ಮ ‘ಮಹಮ್ಮದ್’, ಇನ್ನೊಬ್ಬ ‘ಎಂ.ಡಿ.’ ಎಂದು ಬರೆಸುತ್ತೇವೆ. ನಿಕಾಹ್ ಪುಸ್ತಕದಲ್ಲಿ ಒಂದು, ಶಾಲೆಯಲ್ಲಿ ಒಂದು. ಮಗು ಹುಟ್ಟಿದಾಗ ಜನನ ಪತ್ರದಲ್ಲಿ ಕನ್ನಡ ಕಾಗುಣಿತವನ್ನು ತೀರ್ಮಾನಿಸಿ, ಅದನ್ನೇ ಎಲ್ಲೆಡೆ ಕೊಡುವ ಶಿಸ್ತನ್ನು ಜಮಾಅತ್‌ಗಳೂ ಶಾಲೆಗಳೂ ಕಲಿಸಬೇಕು.

ಎಲ್ಲರೂ ನುಕ್ತಾ ಹಾಕಿ ಬರೆಯಬೇಕೆಂದು ನಾನು ಕೇಳುವುದಿಲ್ಲ. ಅರ್ಜಿಗೂ ಜಿಲ್ಲೆಗೂ ಚುಕ್ಕಿ ಕೇಳದೆ ಮನೆಯೊಳಗೆ ಕರೆದುಕೊಂಡ ಕನ್ನಡ ಫಾತಿಮಾಳಿಗೂ ಪಾತಿಮಾಳಿಗೂ ಒಂದೇ ಚಾಪೆ ಹಾಸಬಲ್ಲದು. ನಾನು ಕೇಳುವುದು ಇಷ್ಟು: ಆ ಚುಕ್ಕಿ ಇದ್ದರೂ ಇಲ್ಲದಿದ್ದರೂ ಅವಳ ಹೊಲ ಅವಳದ್ದಾಗಿಯೇ ಇರಲಿ.

1818ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಹುಟ್ಟಿದ ಅರಿಕೊಟ್ಟಾರ ಎಂಬ ಊರಿಗೆ ತಂದೆಯ ಹೆಸರಿಟ್ಟು ಚಾಮರಾಜನಗರ ಮಾಡಿದರು. ಗುಂಡ್ಲುಪೇಟೆಗೂ ಹಿಂದೆ ವಿಜಯಪುರ ಎಂಬ ಹೆಸರಿತ್ತು. ಊರುಗಳು ಹೆಸರು ಬದಲಿಸಿದರೂ ಜನರ ಹೊಲಗಳು ಎಲ್ಲಿದ್ದವೋ ಅಲ್ಲೇ ಇದ್ದವು. ಈಗ ಒಂದು ಪುಟ್ಟ ಸೀಳಿಗಾಗಿ ಹೊಲದ ಒಡತಿಯೇ ಯಾರೆಂದು ಕೇಳುವಂತಾಗಿದೆ.

ಫುಪ್ಪು ಈಗ ಪ್ರಮಾಣಪತ್ರ ಮಾಡಿಸಿ ಅರ್ಜಿ ಕೊಟ್ಟಿದ್ದಾರೆ. ಪ್ರಮಾಣಪತ್ರದಲ್ಲಿ ನಾಲ್ಕೂ ಹೆಸರುಗಳನ್ನು ಸಾಲಾಗಿ ಬರೆದು, ಇವೆಲ್ಲ ನಾನೇ ಎಂದು ಹೆಬ್ಬೆಟ್ಟು ಒತ್ತಿದ್ದಾರೆ. ಅರ್ಜಿ ಸರದಿಯಲ್ಲಿದೆ. ಈ ಸಲ ಹೊಲಕ್ಕೆ ಈರುಳ್ಳಿ ಹಾಕಿದ್ದಾರೆ.